ಕೆರೆ ಬಲಕ್ಕಿರಲಿ

ವೇಲ್ಸ್‌ನ ಲಾನ್‌ಬೆರಿಸ್‌ನಲ್ಲಿ ಕಾರು ನಿಲ್ಲಿಸಿ, ಶೂ ಲೇಸು ಬಿಗಿದು, ಇನ್ನೇನು ಹೊರಡಬೇಕು ಅನ್ನುವಾಗ ಅಕ್ಕ ತಕರಾರು ತೆಗೆದಳು. ನನ್ನ ಫೋನಿನ ನಕ್ಷೆಯಲ್ಲಿ ಮೊದಲು ಕೋಟೆ, ಆಮೇಲೆ ಕಾಡು, ಕೆರೆಯ ಆ ತುದಿಯಲ್ಲಿ ಒಂದು ಸೇತುವೆ, ಕೊನೆಗೆ ನೀರಿನಂಚಿನ ಸಪಾಟು ದಾರಿಯಲ್ಲಿ ವಾಪಸ್. ಅಕ್ಕ ಅದನ್ನು ನೋಡಿ ಎಡಗೈ ಎತ್ತಿದಳು. "ಕೆರೆ ಈ ಕಡೆ ಬರುತ್ತಲ್ಲೋ, ಇದು ಅಪ್ರದಕ್ಷಿಣೆ."

"ಕೆರೆಗೆಂಥ ಪ್ರದಕ್ಷಿಣೆ ಅಕ್ಕ?"

"ಸುತ್ತೋದು ಅಂತಾದ ಮೇಲೆ ಸರಿಯಾಗಿ ಸುತ್ತೋಣ."

ವಾದ ಮಾಡಿ ಗೆದ್ದ ದಾಖಲೆ ನನಗಿಲ್ಲ. ತಿರುಗಿ ನಿಂತೆವು. ಪಾಡರ್ನ್ ಕೆರೆ ಬಲಕ್ಕೆ ಬಂತು. ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ಕೆರೆ, ಸುತ್ತಿದರೆ ಸುಮಾರು 8 ಕಿಲೋಮೀಟರು. ನಕ್ಷೆ ಕೊಟ್ಟ ದರ್ಜೆ 'ಮಾಡರೇಟ್'. ಸುಲಭ ಅಂದರೆ ಜನ ಬರಲ್ಲ, ಕಷ್ಟ ಅಂದರೂ ಬರಲ್ಲ, ಅದಕ್ಕೇ ಈ ಪದ ಇಟ್ಟಿರಬೇಕು.

ಈ ಊರಿಗೆ ಬರುವವರಲ್ಲಿ ಸುಮಾರು ಜನ ಸ್ನೋಡನ್ ಹತ್ತುವವರು. 1085 ಮೀಟರ್ ಎತ್ತರದ ಬೆಟ್ಟ. ಅವರು ಸಂಜೆ ಇಳಿದು ಬಂದು 'ಹತ್ತಿದೆವು' ಅನ್ನಬಹುದು. ನಮ್ಮದು ಹಾಗಲ್ಲ. ದಿನವೆಲ್ಲ ನಡೆದು ಕಾರು ನಿಲ್ಲಿಸಿದ ಜಾಗಕ್ಕೇ ಬರಬೇಕು, ಎಲ್ಲಿಗೆ ಹೋಗಿದ್ರಿ ಅಂತ ಯಾರಾದರೂ ಕೇಳಿದರೆ ಹೇಳೋಕೆ ಒಂದು ಊರಿನ ಹೆಸರೂ ಇಲ್ಲ. ಆದರೂ ನನಗೆ ಈ ಸುತ್ತು ನಡಿಗೆಯೇ ಇಷ್ಟ. ಅರ್ಧ ದಾರಿಯಲ್ಲಿ 'ಸಾಕು, ವಾಪಸ್ ಹೋಗೋಣ' ಅಂತ ಯಾರೂ ಹೇಳುವ ಹಾಗಿಲ್ಲ. ಹಿಂದೆ ಹೋದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ.

ಅವತ್ತು ಸಿಕ್ಕವರೆಲ್ಲ ಎದುರಿನಿಂದಲೇ ಬಂದರು. ಅವರ ಪಾಡಿಗೆ ಅವರು ಅಪ್ರದಕ್ಷಿಣೆ. ಹೀಗಾಗಿ ಪ್ರತಿಯೊಬ್ಬರಿಗೂ ಹಲೋ, ಪ್ರತಿ ನಾಯಿಗೂ ಒಂದು ನಗು. ನೀರಿನ ಪಕ್ಕ ಒಂಟಿಯಾಗಿ ನಿಂತ ಸಣ್ಣ ಮರವೊಂದಿದೆ, ಅದರ ಫೋಟೋಕ್ಕೆ ಜನ ಸರದಿಯಲ್ಲಿ ನಿಂತಿದ್ದರು. ಅದು ಒಂಟಿ ಅನ್ನೋದೇ ಅದರ ಹೆಸರುವಾಸಿ, ಆದರೆ ಸುತ್ತ ಅಷ್ಟು ಜನ!

ಸೇತುವೆ ದಾಟಿ ರಸ್ತೆಗೆ ಬಂದರೆ ಟಾರಿನ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ 'ಅರಾವ್'. ವೆಲ್ಷ್ ಭಾಷೆಯಲ್ಲಿ ನಿಧಾನ ಅಂತ. ಕಾರಿನವರಿಗೆ ಬರೆದದ್ದು, ಪಾಲಿಸಿದವರು ನಾವು. ಏಕೆಂದರೆ ಏರು ಶುರುವಾಗಿದ್ದೇ ಅಲ್ಲಿ. ನಕ್ಷೆಯ ಪ್ರಕಾರ ಬಂದಿದ್ದರೆ ಕಾಲು ಹೊಸದಿರುವಾಗಲೇ ಈ ಕಾಡು ಮುಗಿದಿರುತ್ತಿತ್ತು. ಓಕ್ ಮರಗಳ ನಡುವೆ ಏದುಸಿರು ಬಿಡುತ್ತಾ ಹತ್ತಿದೆವು. ಕೆಳಗೆ, ನೀರಿನ ಪಕ್ಕದಲ್ಲೇ, ಪುಟ್ಟ ಉಗಿಬಂಡಿ ಜನರನ್ನು ಕೂರಿಸಿಕೊಂಡು ಆರಾಮಾಗಿ ಹೋಗುತ್ತಿತ್ತು. ಅಕ್ಕ ಅದನ್ನು ನೋಡಿದಳು. ಏನೂ ಹೇಳಲಿಲ್ಲ.

ಕಾಡು ಮುಗಿಯುವಲ್ಲಿ ಡಿನೋರ್ವಿಕ್ ಸ್ಲೇಟು ಗಣಿ. ಒಂದು ಕಾಲದಲ್ಲಿ 3000ಕ್ಕೂ ಹೆಚ್ಚು ಜನ ದುಡಿದ ಜಾಗ, 1969ರಲ್ಲಿ ಮುಚ್ಚಿತು. ಬೆಟ್ಟದ ಒಂದು ಪಕ್ಕವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕೊರೆದು ಹಾಕಿದ್ದಾರೆ. ಇಲ್ಲಿಂದ ಹೋದ ಕಲ್ಲು ಯಾರ್ಯಾರದೋ ಮನೆಗೆ ಚಾವಣಿಯಾಯಿತು. ಹಲಗೆಗಳ ಅಳತೆಗೂ ಡಚೆಸ್, ಕೌಂಟೆಸ್, ಲೇಡಿ ಅಂತ ಹೆಸರು. ಕಡಿಯುವವನು ಕೂಲಿಯವ, ಕಲ್ಲು ಮಾತ್ರ ರಾಣಿವಾಸದ್ದು. ದಾರಿ ತುಂಬ ಇದರದೇ ಚೂರು, ಕಾಲಿಟ್ಟರೆ ಒಡೆದ ಹೆಂಚಿನ ರಾಶಿಯ ಮೇಲೆ ನಡೆದ ಹಾಗೆ ಸದ್ದು. ಅಕ್ಕ ಅಂಗೈಯಗಲದ ಒಂದು ಚೂರು ಎತ್ತಿಕೊಂಡಳು. ಒಣಗಿದ ಕಡೆ ಬೂದಿ ಬಣ್ಣ, ಒದ್ದೆಯಾದ ಕಡೆ ನೇರಳೆ. ಇನ್ನೊಂದು ಚೂಪು ಚೂರಿನಿಂದ ಅದರ ಮೇಲೆ ಗೀರಿದಳು. 'ಅ'. ಬಳಪದ ಬರಹವೇ! ಆಮೇಲೆ ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿ, ಅತ್ತಿತ್ತ ನೋಡಿ, ಇದ್ದಲ್ಲೇ ಇಟ್ಟಳು.

ಅದೇ ಬೆಟ್ಟದ ಹೊಟ್ಟೆಯೊಳಗೆ ಈಗ ವಿದ್ಯುತ್ ಸ್ಥಾವರವಿದೆ, 1984ರದ್ದು. ಬೇಡಿಕೆ ಕಡಿಮೆ ಇದ್ದಾಗ ನೀರನ್ನು ಮೇಲಿನ ಕೆರೆಗೆ ಎತ್ತಿಡುತ್ತಾರೆ. ಟೀವಿಯಲ್ಲಿ ಧಾರಾವಾಹಿ ಮುಗಿದು ದೇಶವೆಲ್ಲ ಒಟ್ಟಿಗೆ ಚಹಾಕ್ಕೆ ಕೆಟಲ್ ಹಾಕಿದರೆ ಕೆಳಗೆ ಬಿಡುತ್ತಾರೆ, ಕೆಲವೇ ಸೆಕೆಂಡಿನಲ್ಲಿ ಕರೆಂಟು ಸಿದ್ಧ.

ಕೊನೆಗೆ ಡೋಲ್‌ಬಾಡರ್ನ್ ಕೋಟೆ. ಕೋಟೆ ಅಂದರೆ ಈಗ ಉಳಿದಿರುವುದು ಮುಖ್ಯವಾಗಿ ಒಂದು ದುಂಡು ಗೋಪುರ, ಸುಮಾರು 15 ಮೀಟರ್ ಎತ್ತರ. 13ನೆಯ ಶತಮಾನದಲ್ಲಿ ದೊರೆ ಲೆವೆಲಿನ್ ಕಟ್ಟಿಸಿದ್ದು. ಅವನ ಮೊಮ್ಮಕ್ಕಳು ರಾಜ್ಯಕ್ಕಾಗಿ 1255ರಲ್ಲಿ ಹೊಡೆದಾಡಿದರು. ಗೆದ್ದ ಲೆವೆಲಿನ್, ಅವನಿಗೂ ಅಜ್ಜನದೇ ಹೆಸರು, ಅಣ್ಣ ಓವೈನ್‌ನನ್ನು 1277ರವರೆಗೆ ಸೆರೆಯಲ್ಲಿಟ್ಟ. ಇದೇ ಗೋಪುರದಲ್ಲಿ ಅಂತ ಹೇಳುತ್ತಾರೆ.

"ತಮ್ಮ ಅಣ್ಣನನ್ನ ಕೂಡಿ ಹಾಕಿದ್ದಾ?" ಅಂತ ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿದಳು, ನಾನೇ ಬೀಗ ಹಾಕಿದ ಹಾಗೆ. ಮತ್ತೆ ಗೋಡೆಯ ದುಂಡನ್ನು ಕಣ್ಣಲ್ಲೇ ಅಳೆಯುತ್ತಾ, "ಇಪ್ಪತ್ತೆರಡು ವರ್ಷ. ಪಾಪ, ಒಳಗೆ ಅವನು ಎಷ್ಟು ಸುತ್ತು ಹಾಕಿರಬೇಡ" ಅಂದಳು. ಯಾವ ಕಡೆಯಿಂದ ಅಂತ ಕೇಳೋಣ ಅನ್ನಿಸಿತು. ಕೇಳಲಿಲ್ಲ.

ಕೆಳಗಿಳಿದು ಕಾರಿನ ಹತ್ತಿರ ಬಂದಾಗ ವಯಸ್ಸಾದ ದಂಪತಿ ಫೋನು ಹಿಡಿದು ನಿಂತಿದ್ದರು. ಕೆರೆ ಸುತ್ತಲು ಯಾವ ಕಡೆಯಿಂದ ಹೊರಟರೆ ಒಳ್ಳೆಯದು ಅಂತ ನಮ್ಮನ್ನೇ ಕೇಳಿದರು. ಅಕ್ಕ ಒಂದು ಕ್ಷಣವೂ ಯೋಚಿಸದೆ ನಾವು ಹೋದ ದಿಕ್ಕಿಗೆ ಕೈ ತೋರಿಸಿದಳು. ಏರು ಕೊನೆಗೆ ಬರುತ್ತೆ ಅಂತ ಹೇಳಬೇಕಿತ್ತು. ನಾನು ಆಗ ಶೂ ಬಿಚ್ಚುತ್ತಿದ್ದೆ.