‘ಪ್ಯಾಕಿಂಗ್ ಸರಿ ಇಲ್ಲ ಮೇಡಂ’

ಇವತ್ತು ಮಧ್ಯಾಹ್ನ ಕೊರಿಯರ್ ಹುಡುಗ ಒಂದು ಡಬ್ಬಿಯನ್ನು ಮೈಯಿಂದ ದೂರ ಹಿಡಿದುಕೊಂಡು ಗೇಟಿನ ಹತ್ತಿರ ಬಂದ. ಸತ್ತ ಹೆಗ್ಗಣವನ್ನು ಬಾಲ ಹಿಡಿದು ಎತ್ತುತ್ತಾರಲ್ಲ, ಹಾಗೆ. ಡಬ್ಬಿಗೆ ಯಾರೋ ದೊಡ್ಡ ಪ್ಲಾಸ್ಟಿಕ್ ಚೀಲ ತೊಡಿಸಿದ್ದರು. ಚೀಲದ ತಳದಲ್ಲಿ ಕೆಂಪು ರಸ ತುಳುಕುತ್ತಿತ್ತು. ನಾನು ಗೇಟು ತೆಗೆಯುವ ಮೊದಲೇ ಜೀರಿಗೆ ಅಪ್ಪೆ ಮಾವಿನ ಮಿಡಿಯ ಪರಿಮಳ ಅಂಗಳಕ್ಕೆ ಬಂದು ಮುಟ್ಟಿತ್ತು.

ಹನ್ನೊಂದು ದಿನದ ಹಿಂದೆ ಹೈದರಾಬಾದಿನ ಒಬ್ಬ ಗಿರಾಕಿಗೆ ಕಳಿಸಿದ್ದ ನನ್ನದೇ ಪಾರ್ಸೆಲ್ಲು! ಅರ್ಧರ್ಧ ಕೆಜಿಯ ಆರು ಬಾಟಲಿ ಮಿಡಿ ಉಪ್ಪಿನಕಾಯಿ, ಜೊತೆಗೆ ಒಂದು ಕೆಜಿ ಜೋನಿ ಬೆಲ್ಲ, ಅಂದರೆ ನೀರಾಗಿ ಸುರಿಯುವ ಬೆಲ್ಲ.

“ರಿಟರ್ನ್ ಬಂದಿದೆ ಮೇಡಂ. ಅಡ್ರೆಸ್ ಓದೋಕಾಗಿಲ್ವಂತೆ. ಇಲ್ಲೊಂದು ಸೈನ್ ಹಾಕಿ.”

ಬಿಚ್ಚಿ ನೋಡಿದರೆ ಮೂರು ಬಾಟಲಿ ಪುಡಿ ಪುಡಿ. ಒಂದರ ಕತ್ತು ಮುರಿದಿದೆ. ಜೋನಿ ಬೆಲ್ಲದ ಡಬ್ಬಿ ಒತ್ತಿದ ರಭಸಕ್ಕೆ ಬಾಯಿ ಬಿಟ್ಟು, ಬೆಲ್ಲ ಹೋಗಿ ಮಿಡಿಯ ಜೊತೆ ಸೇರಿಕೊಂಡಿದೆ. ಗಾಜಿನ ಚೂರು ಇರುವ ಸಿಹಿ ಉಪ್ಪಿನಕಾಯಿ ಯಾರಿಗಾದರೂ ಬೇಕಾ? ಡಬ್ಬಿಯ ಒಂದು ಬದಿಯಲ್ಲಿ ಬೂಟಿನ ಗುರುತು. ಅಸ್ಪಷ್ಟ ಅಲ್ಲ ಮತ್ತೆ, ಬೂಟಿನ ನಂಬರ್ ಹೇಳಬಹುದು, ಅಷ್ಟು ಚೆನ್ನಾಗಿ ಮೂಡಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ನಲವತ್ತು ನಿಮಿಷ ಸಂಗೀತ ಕೇಳಿ. ಕೊನೆಗೆ ಒಬ್ಬ ಪುಣ್ಯಾತ್ಮ ಸಿಕ್ಕ. ಎಲ್ಲ ಕೇಳಿಸಿಕೊಂಡ. ಆಮೇಲೆ ಆ ಮಾತು ಹೇಳಿದ. ಆರು ವರ್ಷದಿಂದ ಕೇಳುತ್ತಿರುವ ಅದೇ ಮಾತು.

“ಪ್ಯಾಕಿಂಗ್ ಸರಿ ಇಲ್ಲ ಮೇಡಂ.”

ಸರಿ ಇಲ್ವಾ? ಹಾಗಾದರೆ ಕೇಳಿ, ನಾನು ಹೇಗೆ ಪ್ಯಾಕ್ ಮಾಡುತ್ತೇನೆ ಅಂತ.

ನಮ್ಮ ಸಾಗರದ ಕಡೆಯ ಅಪ್ಪೆಮಿಡಿ ಉಪ್ಪಿನಕಾಯಿಗೆ ಎಣ್ಣೆ ಇಲ್ಲ. ಉಪ್ಪುನೀರು, ಸಾಸಿವೆ, ಮೆಣಸಿನ ಖಾರ, ಅಷ್ಟೇ. ರಸ ಜಾಸ್ತಿ. ಆ ರಸಕ್ಕೆ ಎಲ್ಲಿ ಕೂದಲೆಳೆಯಷ್ಟು ಸಂದಿ ಸಿಕ್ಕರೂ ಹೊರಗೆ ಬರುತ್ತದೆ. ತಗಡಿನ ಮುಚ್ಚಳವಾದರೆ ಉಪ್ಪಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಪ್ಲಾಸ್ಟಿಕ್ ಮುಚ್ಚಳದ ಬಾಟಲಿ, ಬಾಯಿಗೆ ಸೀಲು, ಮುಚ್ಚಳದ ಸುತ್ತ ಟೇಪು. ಒಂದೊಂದು ಬಾಟಲಿಯನ್ನೂ ಎರಡೆರಡು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಂಟು. ಅದರ ಮೇಲೆ ಬಬಲ್ ರ್‍ಯಾಪ್ ಎರಡು ಸುತ್ತು. (ಈ ಬಬಲ್ ರ್‍ಯಾಪನ್ನು 1957ರಲ್ಲಿ ಅಮೆರಿಕದಲ್ಲಿ ಇಬ್ಬರು ಗೋಡೆಗೆ ಅಂಟಿಸುವ ಕಾಗದ ಮಾಡಲು ಹೋಗಿ ಕಂಡುಹಿಡಿದರಂತೆ. ಗೋಡೆಗೇ ಅಂಟಿಸಿದ್ದರೆ ಒಳ್ಳೆಯದಿತ್ತು, ತಲೆ ಚಚ್ಚಿಕೊಳ್ಳಲು ಈಗ ನನಗೆ ಬೇಕಾಗಿದೆ.)

ಆಮೇಲೆ ಡಬ್ಬಿ. ಮೂರು ಪದರದ್ದಲ್ಲ, ಐದು ಪದರದ್ದು. ಮೂರು ಪದರ ಅಂದರೆ ಎರಡು ಚಪ್ಪಟೆ ಹಾಳೆಯ ನಡುವೆ ಸೀರೆಯ ನಿರಿಗೆಯ ಹಾಗೆ ಮಡಚಿದ ಒಂದು ಹಾಳೆ. ಐದು ಪದರದಲ್ಲಿ ಆ ನಿರಿಗೆ ಎರಡು ಸಾಲು ಇರುತ್ತದೆ. ನಿರಿಗೆ ನೆಟ್ಟಗೆ ನಿಂತಿದ್ದರೆ ಡಬ್ಬಿ ಭಾರ ಹೊರುತ್ತದೆ. ಅಡ್ಡ ಮಲಗಿಸಿ ಮೇಲೆ ಭಾರ ಹೇರಿದರೆ ಕುಸಿಯುತ್ತದೆ. ಡಬ್ಬಿಯ ಮೇಲೆ ಎರಡು ಬಾಣದ ಗುರುತು ಹಾಕುವುದು ಅದಕ್ಕೇ ಸ್ವಾಮಿ. ಚೆಂದಕ್ಕಲ್ಲ.

ಒಳಗೆ ಬಾಟಲಿಗೊಂದು ರಟ್ಟಿನ ಖಾನೆ, ಗಾಜಿಗೆ ಗಾಜು ತಾಗಬಾರದು ಅಂತ. ಸುತ್ತ ಆರೂ ಕಡೆ ಎರಡೆರಡು ಇಂಚು ಮುದ್ದೆ ಮಾಡಿದ ಕಾಗದ. ಮುಚ್ಚುವ ಮೊದಲು ಅಲ್ಲಾಡಿಸಿ ನೋಡುತ್ತೇನೆ. ಒಳಗೆ ಟಕ್ ಅಂದರೆ ಮತ್ತೆ ಬಿಚ್ಚಿ ಕಾಗದ ತುರುಕುತ್ತೇನೆ. ನಡುವಿನ ಸೀಳಿಗೂ ಎರಡು ಅಂಚಿಗೂ ಸೇರಿಸಿ ಎರಡು ಇಂಚಿನ ಟೇಪು, ಮೇಲೂ ಕೆಳಗೂ. ನಮ್ಮ ಮನೆಯವರು ಟೇಪಿನ ಚರ್‍ರ್ ಸದ್ದು ಕೇಳಿದರೆ ಟೀವಿ ಸೌಂಡು ಜಾಸ್ತಿ ಮಾಡುತ್ತಾರೆ, ಅಷ್ಟು ಹೊತ್ತು ಸುತ್ತುತ್ತೇನೆ.

ಇಷ್ಟು ಮಾಡಿದ ಡಬ್ಬಿ ಸೊಂಟದೆತ್ತರದಿಂದ ಜಾರಿ ಬಿದ್ದರೆ ಏನೂ ಆಗುವುದಿಲ್ಲ. ನಾನೇ ಬೀಳಿಸಿ ನೋಡಿದ್ದೇನೆ. ಆದರೆ ಲಾರಿಯ ಬಾಗಿಲಲ್ಲಿ ನಿಂತು ಕೆಳಗಿನವನತ್ತ ಎಸೆದರೆ? ಅದರ ಮೇಲೆ ಬೂಟು ಹಾಕಿಕೊಂಡು ಹತ್ತಿದರೆ? ಮನುಷ್ಯ ತುಳಿದರೂ ಒಡೆಯದ ಹಾಗೆ ಉಪ್ಪಿನಕಾಯಿ ಪ್ಯಾಕ್ ಮಾಡಬೇಕು ಅಂದರೆ ಗಾರೆ ಕೆಲಸದವರನ್ನೇ ಕರೆಸಬೇಕು.

ಫ್ರಜೈಲ್ ಅಂತ ಕೆಂಪು ಸ್ಟಿಕ್ಕರ್ ಹಾಕಿದ್ರಾ ಅಂತ ಕೇಳುತ್ತಾರೆ. ಹಾಕಿದ್ದೆ ಕಣ್ರೀ. ನಾಲ್ಕು ಬದಿಗೂ. ಗ್ಲಾಸಿನ ಚಿತ್ರ ಅಂದರೆ ಒಳಗೆ ಒಡೆಯುವ ಸಾಮಾನಿದೆ. ಕೊಡೆಯ ಚಿತ್ರ ಅಂದರೆ ಒದ್ದೆ ಮಾಡಬೇಡಿ. ಬಾಣ ಅಂದರೆ ಈ ಕಡೆ ಮೇಲೆ. ಓದಲು ಬರದವರಿಗೂ, ಯಾವ ಭಾಷೆಯವರಿಗೂ ಗೊತ್ತಾಗಲಿ ಅಂತಲೇ ಇವು ಚಿತ್ರವಾಗಿರುವುದು, ದೇಶ ದೇಶದಲ್ಲೂ ಇವೇ ಚಿತ್ರ. ಆ ಬೂಟಿನ ಗುರುತು ಎಲ್ಲಿತ್ತು ಗೊತ್ತಾ? ಸರಿಯಾಗಿ ಗ್ಲಾಸಿನ ಚಿತ್ರದ ಮೇಲೆ!

ಇದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಬಾಡಿಗೆಯ ಲೆಕ್ಕಕ್ಕೆ. ಪಾರ್ಸೆಲ್ ಕಳಿಸದವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕೊರಿಯರ್‌ನವರು ತಕ್ಕಡಿ ತೂಕ ಒಂದನ್ನೇ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದದ್ದು ಕೆಜಿ ಲೆಕ್ಕ. ತಕ್ಕಡಿ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಲಾರಿಯಲ್ಲಿ ಜಾಗ ಹಿಡಿಯುತ್ತದಲ್ಲ, ನ್ಯಾಯವೇ ಇರಬಹುದು. ಈಗ ನನ್ನ ಹಲಸಿನ ಹಪ್ಪಳ ನೋಡಿ. ಒಂದು ಕೆಜಿ. ಪುಡಿಯಾಗದ ಹಾಗೆ ಸುತ್ತ ಎರಡೆರಡು ಇಂಚು ಕಾಗದ ತುಂಬಿದರೆ 30, 30, 20ರ ಡಬ್ಬಿ ಬೇಕು. ಗುಣಿಸಿದರೆ 18,000. ಭಾಗಿಸಿದರೆ 3.6 ಕೆಜಿ. ಅದನ್ನೂ ಮೇಲಕ್ಕೇರಿಸಿ 4 ಮಾಡುತ್ತಾರೆ. ಒಂದು ಕೆಜಿ ಹಪ್ಪಳಕ್ಕೆ ನಾಲ್ಕು ಕೆಜಿ ಬಾಡಿಗೆ! ಮೂರು ಕೆಜಿ ಗಾಳಿಗೆ ನಾನು ದುಡ್ಡು ಕೊಡಬೇಕು.

ಬೇಡಪ್ಪ ಅಂತ ಸಣ್ಣ ಡಬ್ಬಿಯಲ್ಲಿ ಒತ್ತಿ ಹಾಕಿ ಕಳಿಸಿದರೆ ಹಪ್ಪಳ ಹೋಗಿ ರವೆ ಆಗಿರುತ್ತದೆ. ಆಗ ಏನಂತಾರೆ? ಪ್ಯಾಕಿಂಗ್ ಸರಿ ಇಲ್ಲ ಮೇಡಂ. ಅತ್ತ ದರಿ, ಇತ್ತ ಪುಲಿ.

ಇನ್ನು ವಿಳಾಸದ ಕಥೆ. ಈ ಪಾರ್ಸೆಲ್ ವಾಪಸ್ ಬಂದದ್ದು ವಿಳಾಸ ಓದಲಾಗದೆ ಅಂದರಲ್ಲ, ಅದನ್ನು ಸ್ವಲ್ಪ ಕೇಳಿ. ಕೊರಿಯರ್‌ನವರು ಅಂಟಿಸುವ ಚೀಟಿಗೆ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು, ಬಸ್ ಟಿಕೆಟಿನ ಹಾಗೆ. ಉಗುರಿನಿಂದ ಗೀರಿದರೂ ಕಪ್ಪು ಗೆರೆ ಮೂಡುತ್ತದೆ. ಬಿಸಿಲಿಗೆ ಇಟ್ಟರೆ ಮಂಕಾಗುತ್ತದೆ. ಅಂಥದ್ದರ ಮೇಲೆ ಅಪ್ಪೆಮಿಡಿ ರಸ ಹರಿದರೆ ಏನು ಉಳಿಯುತ್ತದೆ? ಇದು ಗೊತ್ತಿದ್ದೇ ನಾನು ಡಬ್ಬಿಯ ಎರಡು ಬದಿಗೆ ದಪ್ಪ ಕಪ್ಪು ಮಾರ್ಕರಿನಲ್ಲಿ ಹೆಸರು, ವಿಳಾಸ, ಪಿನ್, ಫೋನ್ ನಂಬರ್ ಬರೆದು ಮೇಲೆ ಪಾರದರ್ಶಕ ಟೇಪು ಹಾಕುತ್ತೇನೆ. ಒಳಗೂ ಒಂದು ಚೀಟಿ ಇಡುತ್ತೇನೆ. ಮಾರ್ಕರಿನ ಅಕ್ಷರ ಇವತ್ತೂ ಫಳಫಳ ಅಂತಿದೆ! ಯಂತ್ರಕ್ಕೆ ಬಾರ್‌ಕೋಡ್ ಓದಲಾಗಲಿಲ್ಲ, ಸರಿ. ಮನುಷ್ಯರಿಗೆ ಕಣ್ಣಿಲ್ವಾ? ಒಂದು ಫೋನ್ ಮಾಡಲು ಆಗಲಿಲ್ವಾ? ವಾಪಸ್ ಕಳಿಸುವಾಗ ಮಾತ್ರ ಅದೇ ಡಬ್ಬಿಯ ಮೇಲಿದ್ದ ನನ್ನ ವಿಳಾಸ ಚೆನ್ನಾಗಿಯೇ ಕಂಡಿದೆ.

ತಪ್ಪು ನನ್ನದೂ ಆಗಿದೆ, ಇಲ್ಲ ಅನ್ನುವುದಿಲ್ಲ. ಮೊದಲ ವರ್ಷ ದುಡ್ಡು ಉಳಿಸಲು ಮನೆಗೆ ಬಂದ ಹಳೇ ಡಬ್ಬಿಯಲ್ಲೇ ಮೈಸೂರಿಗೆ ಉಪ್ಪಿನಕಾಯಿ ಕಳಿಸಿದ್ದೆ. ಬದಿಯಲ್ಲಿದ್ದ ಹಳೇ ಚೀಟಿ ಕಿತ್ತಿರಲಿಲ್ಲ. ಮೂರನೇ ದಿನ ಆ ಪಾರ್ಸೆಲ್ ಸುರಕ್ಷಿತವಾಗಿ ನಮ್ಮ ಮನೆಗೇ ಬಂತು. ಒಂದು ಬಾಟಲಿಯೂ ಒಡೆದಿರಲಿಲ್ಲ! ಹಳೇ ಡಬ್ಬಿ ಬಳಸುವವರು ಹಳೇ ಚೀಟಿ, ಹಳೇ ಬಾರ್‌ಕೋಡ್ ಕಿತ್ತು ಬಿಸಾಡಿ. ಕೀಳಲು ಬರದಿದ್ದರೆ ಮಾರ್ಕರಿನಲ್ಲಿ ಮಸಿ ಬಳಿಯಿರಿ.

ಗಿರಾಕಿಗಳನ್ನೂ ಸುಮ್ನೆ ಬಿಡುವ ಹಾಗಿಲ್ಲ. “ಅಕ್ಕಾ, ನಾಲ್ಕನೇ ಕ್ರಾಸ್, ಗಣಪತಿ ದೇವಸ್ಥಾನದ ಹತ್ತಿರ, ಬೆಂಗಳೂರು” ಅಂತ ವಾಟ್ಸಪ್ ಮಾಡುತ್ತಾರೆ. ಬೆಂಗಳೂರಿನಲ್ಲಿ ಗಣಪತಿ ದೇವಸ್ಥಾನ ಇಲ್ಲದ ನಾಲ್ಕನೇ ಕ್ರಾಸ್ ತೋರಿಸಿ, ಒಂದು ಬಾಟಲಿ ಫ್ರೀ ಕೊಡುತ್ತೇನೆ. ಯಾವ ಬಡಾವಣೆ, ಯಾವ ಬ್ಲಾಕು, ಪಿನ್ ಎಷ್ಟು ಅಂತ ಕೇಳಿದರೆ “ಪಿನ್ ಗೊತ್ತಿಲ್ಲ ಅಕ್ಕಾ, ಬಂದ್ಮೇಲೆ ಫೋನ್ ಮಾಡೋಕೆ ಹೇಳಿ” ಅನ್ನುತ್ತಾರೆ. ಫೋನ್ ಹೋದರೆ ಹೊಸ ನಂಬರ್ ಅಂತ ಎತ್ತುವುದಿಲ್ಲ.

ಆ ಆರು ಅಂಕೆಗೆ ಎಷ್ಟು ಬೆಲೆ ಅಂತ ನನಗೆ ಗೊತ್ತು. ಒಂದೇ ಹೆಸರಿನ ಊರುಗಳ ಗೊಂದಲ ತಪ್ಪಲಿ ಅಂತ ಶ್ರೀರಾಮ ಭಿಕಾಜಿ ವೇಲಣಕರ್ ಎಂಬ ಅಧಿಕಾರಿಯ ಕೈಯಿಂದ 1972ರ ಆಗಸ್ಟ್ 15ರಂದು ಬಂದದ್ದು ಅದು. ಅವರು ಸಂಸ್ಕೃತದ ಕವಿ ಕೂಡ. ಮೊದಲ ಅಂಕೆ ದೇಶದ ಯಾವ ವಲಯ ಅಂತ ಹೇಳುತ್ತದೆ. ಕರ್ನಾಟಕಕ್ಕೆ, ಆಂಧ್ರ, ತೆಲಂಗಾಣಕ್ಕೆ 5. ಕೊನೆಯ ಮೂರು ಅಂಕೆ ಹಂಚುವ ಅಂಚೆ ಕಚೇರಿಯದ್ದು. ನಮ್ಮ ಸಾಗರ 577401. ಮಧ್ಯಪ್ರದೇಶದಲ್ಲಿ ಇನ್ನೊಂದು ಸಾಗರ್ ಇದೆ, ಅದರ ಪಿನ್ 470ರಿಂದ ಶುರು. ಮೂರು ವರ್ಷದ ಹಿಂದೆ ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಖಾಲಿ ಬಾಟಲಿ ತರಿಸಿದ್ದೆ. ಗಾಜಿನ ಸಾಮಾನಿಗೆ ಹೆಸರಾದ ಊರು. ಕಳಿಸಿದವನು ಪಿನ್ ಬರೆಯದೆ ‘ಸಾಗರ್’ ಅಂತ ಮಾತ್ರ ಬರೆದ. ನನ್ನ ಬಾಟಲಿಗಳು ಮಧ್ಯಪ್ರದೇಶ ನೋಡಿಕೊಂಡು ಬಂದವು. ಆಶ್ಚರ್ಯ ಏನು ಅಂದರೆ, ಒಣಹುಲ್ಲು ತುರುಕಿ ಗೋಣಿ ಹೊಲಿದಿದ್ದ ಆ ಮೂಟೆಯಲ್ಲಿ ಒಡೆದದ್ದು ಎರಡೇ ಬಾಟಲಿ.

ನಮ್ಮ ಅಜ್ಜ ಮುಂಬೈಯಲ್ಲಿದ್ದ ಅತ್ತೆಗೆ ಉಪ್ಪಿನಕಾಯಿ ಕಳಿಸುತ್ತಿದ್ದದ್ದೂ ಹಾಗೆಯೇ. ತಗಡಿನ ಡಬ್ಬಿಗೆ ಬೆಸುಗೆ ಹಾಕಿಸಿ, ಮೇಲೆ ಬಿಳಿ ಬಟ್ಟೆ ಸುತ್ತಿ, ದಬ್ಬಣದಲ್ಲಿ ಒತ್ತೊತ್ತಾಗಿ ಹೊಲಿದು, ಹೊಲಿಗೆಯ ಮೇಲೆ ಅರಗು ಕಾಯಿಸಿ ಮುದ್ರೆ ಒತ್ತಿ, ಬಟ್ಟೆಯ ಮೇಲೇ ವಿಳಾಸ ಬರೆಯುತ್ತಿದ್ದರು. ಅರಗಿನ ವಾಸನೆ ಬಂದರೆ ನಾವು ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಪೋಸ್ಟ್‌ಮಾಸ್ಟರು ಹೊಲಿಗೆ ಎಳೆದು ನೋಡಿ, ಸಡಿಲ ಇದ್ದರೆ ವಾಪಸ್ ಕೊಡುತ್ತಿದ್ದರು. ತೆಗೆದುಕೊಳ್ಳುವಾಗಲೇ ಸರಿ ಇಲ್ಲ ಅಂತ ಹೇಳುತ್ತಿದ್ದರು. ಒಡೆದ ಮೇಲೆ ಅಲ್ಲ.

ಇದನ್ನೇ ಇವತ್ತು ಫೋನಿನಲ್ಲಿ ಕೇಳಿದೆ. ತೆಗೆದುಕೊಂಡ ದಿನ ನಿಮ್ಮ ಕೌಂಟರಿನಲ್ಲಿ ಇದೇ ಡಬ್ಬಿ ನೋಡಿದ್ರಲ್ಲ, ತೂಕ ಮಾಡಿದ್ರಲ್ಲ, ಅಳತೆ ಹಿಡಿದ್ರಲ್ಲ, ಆಗ ಯಾಕೆ ಹೇಳಲಿಲ್ಲ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಆರೂ ಬದಿ ಫೋಟೋ ಕಳಿಸಿ ಮೇಡಂ. ಒರಿಜಿನಲ್ ಪ್ಯಾಕಿಂಗ್ ಇಟ್ಟಿರಬೇಕು, ನಮ್ಮವರು ಬಂದು ನೋಡ್ತಾರೆ.” ಯಾವಾಗ ಬರ್ತಾರೆ? “ಏಳರಿಂದ ಹತ್ತು ದಿನ.” ಹತ್ತು ದಿನ ಬೆಲ್ಲ ಸುರಿಯುವ ಡಬ್ಬಿಯನ್ನು ಮಲೆನಾಡಿನ ಮನೆಯಲ್ಲಿ ಇಟ್ಟುಕೊಳ್ಳಬೇಕಂತೆ. ಇರುವೆಗಳು ಆಗಲೇ ಅಡಿಕೆ ತೋಟದಿಂದ ಸಾಲು ಹಿಡಿದು ಬರುತ್ತಿದ್ದವು. ಎರಡು ಬಟ್ಟಲಿಗೆ ನೀರು ಹಾಕಿ, ಒಂದೊಂದರ ನಡುವೆಯೂ ಇಟ್ಟಿಗೆ ಇಟ್ಟು, ಅವುಗಳ ಮೇಲೆ ಡಬ್ಬಿ ಕೂರಿಸಿದ್ದೇನೆ. ರಸೀದಿಯ ಹಿಂದೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಅವರು ಕೊಡುವ ಪರಿಹಾರ ಬರೆದಿದೆ. ಕನ್ನಡಕ ಹಾಕಿ ಓದಿದೆ. ನೂರು ರೂಪಾಯಿ ಮೀರದಂತೆ. ಬಬಲ್ ರ್‍ಯಾಪಿಗೂ ಸಾಲದು.

ಹೈದರಾಬಾದಿನ ಆ ಹೆಂಗಸಿಗೆ ಫೋನ್ ಮಾಡಿ ಹೇಳಿದೆ. ಧಾರವಾಡದ ಕಡೆಯವರು. “ಇರ್ಲಿ ಬಿಡ್ರಿ ಅಕ್ಕಾರ, ಮತ್ತೊಮ್ಮೆ ಕಳಸ್ರಿ” ಅಂದರು. ದುಡ್ಡು ವಾಪಸ್ ಕೊಡುತ್ತೇನೆ ಅಂದರೂ ಬೇಡ ಅಂದರು. ಸಿಟ್ಟು ಮಾಡಿಕೊಂಡಿದ್ದರೆ ನನಗೂ ಸಮಾಧಾನ ಆಗುತ್ತಿತ್ತೇನೋ.

ಹೊರಗೆ ಬಂದರೆ ಕೊರಿಯರ್ ಹುಡುಗ ಇನ್ನೂ ಕಟ್ಟೆಯ ಮೇಲೆ ಕೂತಿದ್ದ. ನೀರು ಕೇಳಿದ. ಕೊಟ್ಟೆ. ಕುಡಿದು, ಆ ಕಡೆ ಈ ಕಡೆ ನೋಡಿ, “ಮೇಡಂ, ದಾರಿ ಪೂರ್ತಿ ವಾಸನೆ ನೋಡ್ಕೊಂಡು ಬಂದೆ. ಒಂದ್ ಬಾಟ್ಲಿ ಸಿಗುತ್ತಾ? ಅಮ್ಮಂಗೆ” ಅಂದ. ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಒಳಗೆ ಹೋಗಿ ಒಂದು ಬಾಟಲಿ ತಂದು ಕೊಟ್ಟೆ. ಸೀಲು ಬಿಟ್ಟರೆ ಪ್ಯಾಕಿಂಗ್ ಏನೂ ಇಲ್ಲ.

ಎರಡೂ ಕೈಯಲ್ಲಿ ತೆಗೆದುಕೊಂಡ. ಮುಚ್ಚಳ ಬಿಗಿ ಇದೆಯಾ ಅಂತ ತಿರುಗಿಸಿ ನೋಡಿದ. ಕತ್ತಿನ ಟವೆಲ್ ತೆಗೆದು ಎರಡು ಸುತ್ತು ಸುತ್ತಿ, ಪಾರ್ಸೆಲ್ ಚೀಲಕ್ಕೆ ಹಾಕದೆ ಜಾಕೆಟ್ಟಿನ ಒಳಗೆ ಎದೆಯ ಹತ್ತಿರ ಇಟ್ಟುಕೊಂಡು ಜಿಪ್ ಎಳೆದ.

“ಚೀಲದಲ್ಲಿ ಹಾಕಿದ್ರೆ ಒಡ್ದೋಗುತ್ತೆ ಮೇಡಂ” ಅಂದ.