ಚಂದಿರ ಅಂದರೆ ನಾಲ್ಕು ಮಾತ್ರೆ

ಹಾಡಿನಲ್ಲಿ ಹುಡುಗಿಯ ಮುಖ ಯಾವಾಗಲೂ ಚಂದಿರನ ಹಾಗೇ ಯಾಕಿರುತ್ತದೆ ಗೊತ್ತಾ? ಕವಿ ಅವಳ ಮುಖ ನೋಡಿ ಬರೆದ ಅಂದುಕೊಂಡಿದ್ದರೆ ನೀವು ತುಂಬಾ ಒಳ್ಳೆಯವರು. ಸಿನಿಮಾದಲ್ಲಿ ಬಹಳಷ್ಟು ಸಲ ಮೊದಲು ಬರುವುದು ಟ್ಯೂನ್. 'ತಾನನ ತಾನನ' ಅಂತ ಯಾರೋ ಗುನುಗಿ ಕಳಿಸುತ್ತಾರೆ. ಆ 'ತಾನನ' ಇದ್ದ ಜಾಗದಲ್ಲಿ 'ಚಂದಿರ' ಸರಿಯಾಗಿ ಕೂರುತ್ತದೆ. ಮುಗೀತು, ಅವಳು ಚಂದಿರ.

ಚಂದ್ರನ ಅನುಕೂಲವೇ ಅದು. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ. ಶಶಿ ಅಂದರೆ ಎರಡು ಮಾತ್ರೆ, ಚಂದ್ರ ಮೂರು, ಚಂದಿರ ನಾಲ್ಕು, ಸುಧಾಕರ ಐದು, ಬೆಳದಿಂಗಳು ಆರು. ಒಳ್ಳೇ ಸ್ಪ್ಯಾನರ್ ಸೆಟ್! ಎಂಥ ನಟ್ಟಿಗೂ ಒಂದು ಸೈಜ್ ಇದ್ದೇ ಇದೆ. ಸೂರ್ಯನಿಗೂ ಇಂಥದ್ದೇ ಸೆಟ್ ಇದೆ, ಆದರೆ ಪಾಪ, ಅವನನ್ನು ಯಾರೂ ಕರೆಯುವುದಿಲ್ಲ.

ಹೋಗಲಿ, ಈ ಚಂದ್ರ ಎಂಥವನು? ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ ಸುಮಾರು 12 ಪಾಲು ಮಾತ್ರ ವಾಪಸ್ ಕಳಿಸುವವನು. ಸವೆದ ಡಾಂಬರು ರಸ್ತೆಯೂ ಹೆಚ್ಚುಕಡಿಮೆ ಅಷ್ಟೇ ಕಳಿಸುತ್ತದೆ. ಅಂದರೆ 'ನಿನ್ನ ಮೊಗ ಡಾಂಬರು' ಅಂತ ಹಾಡಿದರೂ ಲೆಕ್ಕ ತಪ್ಪಲ್ಲ. ಮಾತ್ರೆಯೂ ತಪ್ಪಲ್ಲ, ಸರಿಯಾಗಿ ನಾಲ್ಕೇ.

ಚಂದ್ರನನ್ನು ಎಳೆದು ತಂದ ತಪ್ಪನ್ನು ಇವತ್ತಿನವರ ತಲೆಗೇ ಕಟ್ಟುವುದು ಅನ್ಯಾಯ. ಸುಮಾರು 1300 ವರ್ಷದ ಹಿಂದೆಯೇ ಸಂಸ್ಕೃತದ ಕಾವ್ಯಶಾಸ್ತ್ರಕಾರ ದಂಡಿ ಉಪಮೆಯಲ್ಲಿ, ಅಂದರೆ ಹೋಲಿಕೆಯಲ್ಲಿ, ಬಗೆಬಗೆ ಎಣಿಸಿಟ್ಟ. ಅದರಲ್ಲೊಂದು ಮೋಹೋಪಮೆ. ಪ್ರೇಮಿ ಹೇಳುತ್ತಾನೆ: ನಿನ್ನ ಮುಖವನ್ನು ಚಂದ್ರ ಅಂದುಕೊಂಡೆ, ಈಗ ನಿನ್ನ ಮುಖದ ಆಸೆಗೆ ಚಂದ್ರನ ಹಿಂದೆಯೂ ಓಡುತ್ತಿದ್ದೇನೆ. ಆಹಾ! ತಲೆ ಕೆಟ್ಟಿದೆ ಅಂತ ಅವನಿಗೂ ಗೊತ್ತು, ನಮಗೂ ಗೊತ್ತು, ಆ ಹುಚ್ಚೇ ಚಂದ. ನಮ್ಮ ಹಾಡಿನವನು ಓಡುವುದಿಲ್ಲ. ನಿಂತಲ್ಲೇ ಕೈ ಅಗಲಿಸುತ್ತಾನೆ. ಚಂದ್ರನೋ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಹೋಗುತ್ತಲೇ ಇದ್ದಾನೆ. ಯಾಕೆ ಅಂತ ವಿಜ್ಞಾನಿಗಳು ಕಡಲಿನ ಉಬ್ಬರವಿಳಿತದ ಕಾರಣ ಕೊಡುತ್ತಾರೆ. ನನಗೆ ಹಾಡುಗಳ ಮೇಲೂ ಅನುಮಾನ.

ಹೂವು-ದುಂಬಿಯ ಕಥೆ ಇನ್ನೂ ಮಜಾ. ದುಂಬಿ ಹಳತಾಯಿತು ಅಂತ ಯಾರೋ ಜೇನುನೊಣ ತಂದರು. 'ನೀನು ಹೂವು, ನಾನು ಜೇನುನೊಣ' ಅಂತ ನಾಯಕ ಎದೆ ತಟ್ಟಿಕೊಂಡು ಹಾಡುತ್ತಾನೆ. ಅಣ್ಣಾ, ಹೂವಿಂದ ಹೂವಿಗೆ ಹಾರಿ ಮಕರಂದ ತರುವ ಜೇನುನೊಣಗಳೆಲ್ಲ ಹೆಣ್ಣು. ಗಂಡುನೊಣ ಗೂಡಲ್ಲಿ ಕೂತು ತಿನ್ನುತ್ತದೆ, ರಾಣಿಯನ್ನು ಕೂಡಿದ ತಕ್ಷಣ ಸಾಯುತ್ತದೆ. ಮದುವೆ ಸೀನಿಗೆ ಮುಂಚೆ ಇದನ್ನು ಯಾರಾದರೂ ಅವನಿಗೆ ಹೇಳಬೇಕಿತ್ತು.

ಇದೆಲ್ಲ ಬೇಡ, ಹೊಸದು ಬೇಕು ಅಂತ ಹೊರಟವರ ಕೈಗೆ ಸಿಕ್ಕಿದ್ದು ಫೋನು. ಹೃದಯಕ್ಕೆ ಪಾಸ್‌ವರ್ಡ್, ಪ್ರೀತಿಗೆ ನೆಟ್‌ವರ್ಕ್, ಮುತ್ತಿಗೆ ಚಾರ್ಜರ್. ಚಂದ್ರ ಸಾವಿರ ವರ್ಷ ತಾಳಿದ. 'ಮಿಸ್ಡ್ ಕಾಲ್' ಪ್ರೇಮಗೀತೆಗೆ ಇನ್ನು ಸ್ವಲ್ಪ ದಿನಕ್ಕೆ ಅಡಿಟಿಪ್ಪಣಿ ಬೇಕು.

ಇಷ್ಟೆಲ್ಲ ಮಾತಾಡುವ ನನಗೂ ಒಮ್ಮೆ ಟ್ಯೂನ್ ಬಂತು. ಗೆಳೆಯನದು. ಈ ಸಲ ಸುಳ್ಳು ಬೇಡ ಅಂತ ಬರೆದೆ: 'ನಿನ್ನ ಮುಖ ನಿನ್ನ ಮುಖದ ಹಾಗೇ ಇದೆ.' ಇದೂ ದಂಡಿಯ ಪಟ್ಟಿಯಲ್ಲಿದೆ, ಅಸಾಧಾರಣೋಪಮೆ ಅಂತ ಹೆಸರು. ಗೆಳೆಯ ಎರಡು ಸಲ ಹಾಡಿ ನೋಡಿದ.

"ಭಾವ ಸೂಪರ್ ಕಣೋ," ಅಂದ. "ಕೊನೇಲಿ ನಾಲ್ಕು ಮಾತ್ರೆ ಖಾಲಿ ಉಳೀತು. ಸುಮ್ನೆ ಒಂದು ಚಂದಿರ ಹಾಕ್ಲಾ?"

ಹಾಕು ಅಂದೆ.