ನಮ್ಮಲ್ಲಿ ಕಾಣುತ್ತದಲ್ಲ!

ಕಾಸರಗೋಡಿನ ಕನ್ನಡಿಗರಿಗೆ ಓದಲಾಗದ ಬೋರ್ಡುಗಳ ಅಭ್ಯಾಸ ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದಲೇ ಇದೆ. ಬಸ್ಸಿನ ಹಣೆಯ ಮೇಲಿನ ಮಲಯಾಳ ಓದಲು ಬಾರದಿದ್ದರೂ ಕಂಡಕ್ಟರನ ಮುಖ ನೋಡಿ ಇದು ಬದಿಯಡ್ಕಕ್ಕೋ ಮುಳ್ಳೇರಿಯಕ್ಕೋ ಎಂದು ಹೇಳಬಲ್ಲ ಅಜ್ಜಿಯರು ನಮ್ಮಲ್ಲಿದ್ದಾರೆ. ಹೀಗಿರುವಾಗ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕಚೇರಿಯೊಂದು ತನ್ನ ಜಾಲತಾಣದ ಮೂಲೆಯಲ್ಲಿ ‘ಕನ್ನಡ’ ಎಂಬ ಗುಂಡಿ ಇಟ್ಟಿದೆಯೆಂದು ತಿಳಿದು ಹಿಗ್ಗಿದೆ. ಭಾಷಾ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದು ಕೇರಳದ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಕೊನೆಗೂ ಒಂದು ಗುಂಡಿ ದಕ್ಕಿತಲ್ಲ!

ಪೇಟೆಯ ಇಂಟರ್ನೆಟ್ ಅಂಗಡಿಗೆ ಹೋಗಿ ಗುಂಡಿ ಒತ್ತಿದೆ. ಬಂದದ್ದು ಹೀಗೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೊಂದು ಗೀಟು ಹೊತ್ತ ಎ, ಜರ್ಮನರು ಬಳಸುವ ಬಿ ಆಕಾರದ ಒಂದು ಅಕ್ಷರ, ಕ್ಯೂ, ಮತ್ತೆ ಅದೇ ಎ. ಅಂಗಡಿಯ ಹುಡುಗ ಬಗ್ಗಿ ನೋಡಿ, “ಇದು ‘ಕನ್ನಡ’ ಎಂಬ ಶಬ್ದ, ಮಾಸ್ಟ್ರೇ” ಎಂದ. ನಾವು ಮೆರವಣಿಗೆಯಲ್ಲಿ ಗಂಟಲು ಹರಿದು ಕೂಗುವ ಶಬ್ದದ ನಟ್ಟನಡುವೆ ಲಂಡನ್ನಿನ ಪೌಂಡು ಕುಳಿತಿತ್ತು.

ಸಂಗತಿ ಇಷ್ಟೇ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಕಂಪ್ಯೂಟರಿನಲ್ಲಿ ಒಂದೊಂದು ಜಾಗ ಗೊತ್ತುಮಾಡುವ ಯೂನಿಕೋಡಿನಲ್ಲಿ ಕನ್ನಡಕ್ಕೆಂದು 128 ಸೀಟುಗಳನ್ನು 1991ರಲ್ಲೇ ಕಾದಿರಿಸಿದ್ದರು. ನಮ್ಮ ಫಾಂಟುಗಳು ಅದನ್ನು ಬಿಟ್ಟು ಇಂಗ್ಲಿಷಿನವರ ಸೀಟಿಗೆ ಟವೆಲು ಹಾಕಿ ಕುಳಿತಿದ್ದವು. ಪಿಯ ಜಾಗದಲ್ಲಿ ತಲೆಕಟ್ಟಿಲ್ಲದ ಕ, ಗೀಟಿನ ಎ ಜಾಗದಲ್ಲಿ ತಲೆಕಟ್ಟು. ಆ ಫಾಂಟು ಕಂಪ್ಯೂಟರಿನಲ್ಲಿದ್ದರೆ ಕನ್ನಡ, ಇಲ್ಲದಿದ್ದರೆ ಮಂತ್ರವಾದಿ ಬರೆದುಕೊಟ್ಟ ತಗಡು. (ವಿಂಡೋಸಿಗೆ ಕನ್ನಡ ಬರೆಯಲು ಬಂದದ್ದೇ 2001ರ ಎಕ್ಸ್‌ಪಿಯ ಕಾಲಕ್ಕೆ. ಹಾಗಾಗಿ ಫಾಂಟು ಮಾಡಿದವರನ್ನು ನಾನು ಬಯ್ಯಲಾರೆ. ಬಯ್ಯಬೇಕಾದವರು ಮುಂದೆ ಬರುತ್ತಾರೆ.)

ಪುಟದ ಕೊನೆಯಲ್ಲಿ ಫಾಂಟು ಇಳಿಸಿಕೊಳ್ಳುವ ಕೊಂಡಿಯಿತ್ತು. ಇಳಿಸಿದೆವು. ಅದನ್ನು ಕಂಪ್ಯೂಟರಿಗೆ ಹಾಕುವುದು ಹೇಗೆಂಬ ಸೂಚನೆಯೂ ಜೊತೆಗೆ ಬಂತು. ಸೂಚನೆಯನ್ನು ಅದೇ ಫಾಂಟಿನಲ್ಲಿ ಬರೆದಿದ್ದರು.

ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಮಹನೀಯರು ಶಾಂತವಾಗಿ, “ನಮ್ಮಲ್ಲಿ ಕಾಣುತ್ತದಲ್ಲ!” ಎಂದರು. ಯಾವ ಬ್ರೌಸರಿನಲ್ಲಿ ನೋಡಿದಿರಿ? ಫೈರ್‌ಫಾಕ್ಸಿನಲ್ಲೇ? ಅದೇ ತಪ್ಪು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ, ಪರದೆಯನ್ನು 800×600 ಅಳತೆಗೆ ಇಳಿಸಿ ನೋಡಬೇಕೆಂದು ಪುಟದ ಅಡಿಯಲ್ಲೇ ಬರೆದಿದೆಯಲ್ಲ? ಬರೆದಿತ್ತು, ನಿಜ, ಅಂಗಿ ಕಳಚಿ ಒಳಗೆ ಬನ್ನಿ ಎಂಬ ದೇವಸ್ಥಾನದ ಫಲಕದ ಹಾಗೆ. ಎಕ್ಸ್‌ಪ್ಲೋರರ್ ವಂಶದ ಕೊನೆಯ ಕುಡಿ 2022ರ ಜೂನ್ 15ರಂದು ನಿವೃತ್ತವಾಯಿತು. ಆ ಫಲಕಗಳಲ್ಲಿ ಕೆಲವು ಈಗಲೂ ಸೇವೆಯಲ್ಲಿವೆ.

ಅಂಗಿ ಕಳಚಿಯೇ ನೋಡಿದೆವು. ಒಂದು ಕಡೆ ಉದ್ಘಾಟನೆಯ ಭಾಷಣದ ವೀಡಿಯೊ ಇರಬೇಕಾದಲ್ಲಿ ಬೂದು ಚೌಕ, ಪ್ಲಗ್-ಇನ್ ಇಲ್ಲವೆಂಬ ದೂರು. ಹುಡುಗ ಅದನ್ನೂ ಹುಡುಕಿ ಹಾಕಿದ. ಭಾಷಣ ಒಂದು ಮಾತು ಆಡಿ ನಿಲ್ಲುತ್ತಿತ್ತು. ಅದು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಹತ್ತು ಅಡಿಕೆ ಸುಲಿಯಬಹುದಿತ್ತು. ಕನ್ನಡಿಗರ ಅನುಕೂಲಕ್ಕಾಗಿ ಏನೆಲ್ಲ ಮಾಡಲಾಗಿದೆ ಎಂಬುದನ್ನು ಮಲಯಾಳದಲ್ಲಿ ವಿವರಿಸುತ್ತಿದ್ದರು. ಎಡವದೆ ನಡೆದದ್ದು ಒಂದೇ: ಬಲದಿಂದ ಎಡಕ್ಕೆ ಓಡುವ ‘ಸುಸ್ವಾಗತ’, ಅದೂ ತಗಡಿನ ಲಿಪಿಯಲ್ಲಿ. ಕೆಳಗೆ ಸಂದರ್ಶಕರ ಲೆಕ್ಕದ ಯಂತ್ರವೂ ಚೆನ್ನಾಗಿಯೇ ಓಡುತ್ತಿತ್ತು. ಪುಟ ಸರಿಯಾದೀತೆಂದು ನಾನು ಮತ್ತೆ ಮತ್ತೆ ತೆರೆದಂತೆಲ್ಲ ಒಂದೊಂದೇ ಏರುತ್ತಿತ್ತು. ಕನ್ನಡ ಪುಟಕ್ಕೆ ಜನರ ಸ್ಪಂದನ ಅಪಾರವೆಂದು ಯಾವುದಾದರೂ ವರದಿಯಲ್ಲಿ ಬಂದಿದ್ದರೆ ಆ ಜನ ನಾನೇ.

ಫೋಟೋಗಳೆಲ್ಲ ಕೆಂಪು ಗುಣಾಕಾರದ ಗುರುತುಗಳು. ಹುಡುಗ ಒಂದರ ಮೇಲೆ ಇಲಿಯ ಬಲಗುಂಡಿ ಒತ್ತಿ ಅದರ ವಿಳಾಸ ತೆಗೆದ. ವಿಳಾಸ ಶುರುವಾಗುತ್ತಿದ್ದುದೇ ಸಿ ಡ್ರೈವಿನಿಂದ. “ಫೋಟೋವನ್ನು ಇವರು ಮೇಲೆ ಕಳಿಸಲೇ ಇಲ್ಲ ಮಾಸ್ಟ್ರೇ. ಅದು ಆ ಕಚೇರಿಯ ಕಂಪ್ಯೂಟರಿನಲ್ಲೇ ಕುಳಿತಿದೆ.”

ಆಗ ಫೋನಿನ ಮಹನೀಯರ ಮಾತು ಅರ್ಥವಾಯಿತು. ಅವರು ಸುಳ್ಳು ಹೇಳಿರಲಿಲ್ಲ. ಫಾಂಟು ಅಲ್ಲಿತ್ತು, ಎಕ್ಸ್‌ಪ್ಲೋರರ್ ಅಲ್ಲಿತ್ತು, ಫೋಟೋ ಅಲ್ಲಿತ್ತು. ಜನ ಕಚೇರಿಗೆ ಅಲೆಯುವುದು ತಪ್ಪಲಿ ಎಂದು ಮಾಡಿದ ತಾಣವನ್ನು ನೋಡಲು ಕಚೇರಿಗೇ ಹೋಗಬೇಕಿತ್ತು.

ಹೋದೆ. ಗುಮಾಸ್ತರು ಒಳ್ಳೆಯವರು. ಎರಡೂ ಕೈಯಲ್ಲಿ ಆ ಭಾರದ ಮಾನಿಟರನ್ನು ನನ್ನ ಕಡೆಗೆ ತಿರುಗಿಸಿದರು. ಏನು ಚಂದದ ಕನ್ನಡ! ಒತ್ತು, ದೀರ್ಘ, ತಲೆಕಟ್ಟು, ಎಲ್ಲವೂ ತಂತಮ್ಮ ಜಾಗದಲ್ಲಿ. ಅರ್ಜಿ ನಮೂನೆ ಎಂಬಲ್ಲಿ ಒತ್ತಲು ಹೇಳಿದೆ. ಒತ್ತಿದರು, ಒಂದು ಸಾಲು ಬಂತು.

“ಹೇಗೆ, ಕಾಣುತ್ತದಲ್ಲ?” ಎಂದರು. ಮತ್ತೆ ಸ್ವಲ್ಪ ಸಂಕೋಚದಿಂದ, “ನನಗೆ ಕನ್ನಡ ಓದಲು ಬರುವುದಿಲ್ಲ ಮಾಷೇ. ಏನು ಬರೆದಿದೆ ಅದರಲ್ಲಿ?”

ಗಟ್ಟಿಯಾಗಿ ಓದಿ ಹೇಳಿದೆ: “ಈ ಪುಟ ನಿರ್ಮಾಣ ಹಂತದಲ್ಲಿದೆ.”